ಕಲ್ಯದ ಶಾಸನವೂ ನಮ್ಮ ವಿದ್ಯಾರ್ಥಿನಿಲಯಗಳೂ



ಮಾಗಡಿ ಸೀಮೆಯಲ್ಲಿ ಕಲ್ಯವೆಂಬ ಒಂದು ಗ್ರಾಮವುಂಟು. ಬೆಂಗಳೂರಿನಿಂದ ಆ ಕಡೆಗೆ ಹೋಗುವವರು ಮಾಗಡಿಯ ಕೋಟೆಯನ್ನೂ ಸಾವನದುರ್ಗದ ಬಂಡೆಯನ್ನೂ ನೋಡಿ ಹಿಂದಿರುಗುವುದು ವಾಡಿಕೆ. ಕಲ್ಯದವರೆಗೆ ಹೋಗುವವರು ವಿರಳ. ಆದರೂ ಚರಿತ್ರೆಯನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದ ಪಾಲ್ಕುರಿಕೆ ಸೋಮನಾಥನು ಶಿವೈಕ್ಯನಾದುದು ಇಲ್ಲಿಯೇ ಎಂಬ ಪ್ರತೀತಿಯಿದೆ. ಅದಕ್ಕಿಂತಲೂ ಹೆಚ್ಚಾಗಿ, ವಿಜಯನಗರದ ಬುಕ್ಕರಾಯನು 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ರಾಜಿಯ ಶಾಸನವು ಶ್ರವಣಬೆಳಗೊಳದಲ್ಲಿರುವಂತೆ ಕಲ್ಯದಲ್ಲಿಯೂ ದೊರೆತಿದೆ.

ಅಂದಿನ ವೃತ್ತಾಂತ ಇಷ್ಟು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಜೈನರು ತಮಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ದೊರೆಯ ಸನ್ನಿಧಿಗೆ ಒಯ್ದರು. ಈ ಕಲ್ಲೆಹವೇ ಇಂದಿನ ಕಲ್ಯವೆಂದು ವಿದ್ವಾಂಸರು ಗುರುತಿಸಿರುತ್ತಾರೆ. ದೊರೆಯು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟನು. ಇಷ್ಟು ಭಾಗವನ್ನು ನಮ್ಮ ಶಾಲೆಯ ಪುಸ್ತಕಗಳೂ ಹೇಳುತ್ತವೆ. ನಾವು ಈ ಹೊತ್ತು ಲಕ್ಷ್ಯಕ್ಕೆ ತರಬೇಕೆಂದಿರುವುದು ಅದರ ಮುಂದಿನ ಸಾಲುಗಳನ್ನು. ಜೈನರ ಮನೆಮನೆಗೂ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಆ ಹಣದಿಂದ ಬೆಳ್ಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ಇಡತಕ್ಕದ್ದು. ಮಿಕ್ಕುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಯಿಸಿ ದುರಸ್ತು ಮಾಡಿಸತಕ್ಕದ್ದು ಎಂದು ಬೆಳ್ಗೊಳದ ಕಲ್ಲಿನಲ್ಲಿ ಏರ್ಪಾಡಾಗಿದೆ. ಈ ಹಣವನ್ನು ಎತ್ತಿ ನಡೆಸುವ ಹೊಣೆಯನ್ನು ವಹಿಸಿಕೊಂಡವನು ಜೈನನಲ್ಲ, ತಿರುಮಲೆಯ ತಾತಯ್ಯನೆಂಬ ವೈಷ್ಣವನು.

ಒಂದು ಜನಸಮುದಾಯವು ತನ್ನ ಮನೆಗಳಿಂದಲೇ ಕಾಸು ಕೂಡಿಸಿ ತನ್ನ ಒಂದು ಕಾರ್ಯವನ್ನು ನಡೆಸಿಕೊಳ್ಳುವುದು ನಮ್ಮ ನಾಡಿಗೆ ಹೊಸ ಪದ್ಧತಿಯಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಹಿಂದೆ ಈ ಹಣ ಬಸದಿಗೆ, ಗುಡಿಗೆ, ಕೆರೆಗೆ ಹೋಗುತ್ತಿತ್ತು. ಈಚಿನ ನೂರಿಪ್ಪತ್ತು ವರ್ಷಗಳಲ್ಲಿ ಅದು ಬಹುಮಟ್ಟಿಗೆ ವಿದ್ಯಾರ್ಥಿನಿಲಯಗಳಿಗೆ ಹರಿದಿದೆ. ಹೀಗೆ ಒಂದೇ ಸೂರಿನಡಿ ಒಂದೇ ಪಂಕ್ತಿಯಲ್ಲಿ ಉಂಡು ಓದಿದ ಹುಡುಗರು ಓದಿನಲ್ಲಿ ಎಷ್ಟು ಮುಂದುವರಿದರು, ಪದವಿಯಾದ ಮೇಲೆ ಅವರಲ್ಲಿ ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋಗಬಲ್ಲರು, ಹೋಗಲು ಯಾರು ನೆರವಾಗಬೇಕು ಎಂಬುದೇ ನಮ್ಮ ಇಂದಿನ ವಿಷಯ.

ವಿದ್ಯಾರ್ಥಿನಿಲಯಗಳಿಗೆ ಮುಂಚೆ ಏನಿತ್ತು? ಹಳ್ಳಿಯಿಂದ ಮೈಸೂರಿಗೋ ಬೆಂಗಳೂರಿಗೋ ಓದಲು ಬಂದ ಬಡ ಹುಡುಗನಿಗೆ ವಾರಾನ್ನವೊಂದೇ ಗತಿಯಾಗಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ಮನೆ ದೊರೆತವನು ಪುಣ್ಯವಂತ, ಐದೇ ದೊರೆತವನು ವಾರದಲ್ಲಿ ಎರಡು ದಿನ ಉಪವಾಸ. ಅದೂ ಎಲ್ಲರಿಗೂ ದೊರೆಯುವ ಸೌಭಾಗ್ಯವಾಗಿರಲಿಲ್ಲ. ಒಕ್ಕಲಿಗರ ಹುಡುಗನನ್ನು, ಕುರುಬರ ಹುಡುಗನನ್ನು ಅಗ್ರಹಾರದ ಪಂಕ್ತಿಯಲ್ಲಿ ಕೂರಿಸುವವರು ಯಾರು? ಅಸ್ಪೃಶ್ಯರೆನಿಸಿಕೊಂಡವರ ಹುಡುಗನ ಮಾತಂತೂ ದೂರವೇ ಉಳಿಯಿತು. ಆದುದರಿಂದ ಪ್ರತಿಯೊಂದು ಕೋಮಿನ ಮುಂದಾಳುಗಳೂ ತಮ್ಮ ಹುಡುಗರಿಗೆ ಮೊದಲು ಬೇಕಾದುದು ಪುಸ್ತಕವಲ್ಲ, ಒಂದು ಅಡಿಗೆಮನೆ ಎಂಬುದನ್ನು ಕಂಡುಕೊಂಡರು. ಜಾತಿಯ ಹೆಸರನ್ನು ಹೊತ್ತ ವಿದ್ಯಾರ್ಥಿನಿಲಯಗಳನ್ನು ಇಂದು ಹೀಗಳೆಯುವವರು ಈ ಅಡಿಗೆಮನೆಯ ಚರಿತ್ರೆಯನ್ನು ಮರೆಯುತ್ತಾರೆ.

ಗುಬ್ಬಿ ತೋಟದಪ್ಪನವರು ವ್ಯಾಪಾರದಲ್ಲಿ ಗಳಿಸಿದ ಐಶ್ವರ್ಯದಿಂದ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರವು 1903ರಲ್ಲಿ ಪ್ರಾರಂಭವಾಯಿತು. ದಾರಿಹೋಕರಿಗೆ ತಂಗಲು ಎಡೆಕೊಟ್ಟ ಆ ಧರ್ಮವೇ ವಿದ್ಯಾರ್ಥಿಗಳಿಗೂ ನಿಲಯವನ್ನು ಒದಗಿಸಿತು. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿ ಸಂಸ್ಥೆಯೂ, 1906ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದುವು. ಉತ್ತರ ಕರ್ನಾಟಕದಲ್ಲಿ ಅದೇ 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯೆಗಾಗಿ ಬರೆದಿಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಸ್ಥಾಪಿತವಾದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹಳ್ಳಿಯ ಹುಡುಗರಿಗಾಗಿ ಮೈಸೂರಿನಲ್ಲಿ ನಿಲಯವನ್ನು ತೆರೆದುದು 1941ರಲ್ಲಿ. ಇನ್ನೂ ಅನೇಕ ಹೆಸರುಗಳನ್ನು ಹೇಳಬಹುದು, ಕಾಲ ಸಾಲದು.

ಆದರೆ ಮಾಗಡಿ ಸೀಮೆಯ ಮಾತೆತ್ತಿದ ಮೇಲೆ ಒಬ್ಬರನ್ನು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ಕಲ್ಯವಿರುವ ತಾಲ್ಲೂಕಿನದೇ ಇನ್ನೊಂದು ಗ್ರಾಮ ವೀರಾಪುರ. ಅಲ್ಲಿ ಹುಟ್ಟಿದ ಶಿವಣ್ಣನೆಂಬ ಹುಡುಗ 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿ, ತೋಟದಪ್ಪನವರ ನಿಲಯದಲ್ಲಿ ಉಳಿದು ಓದುತ್ತಿದ್ದನು. ಭೌತಶಾಸ್ತ್ರವೂ ಗಣಿತವೂ ಅವನ ಪಾಠಗಳಲ್ಲಿ ಸೇರಿದ್ದುವು. ಪದವಿ ಕೈಗೆ ಬರುವುದರೊಳಗೆ, 1930ರಲ್ಲಿ, ತುಮಕೂರಿನ ಬಳಿಯ ಸಿದ್ಧಗಂಗೆಯ ಮಠಕ್ಕೆ ಉತ್ತರಾಧಿಕಾರಿಯಾಗಿ ಆತನಿಗೆ ಕರೆ ಬಂದಿತು. ಅವರೇ ಮುಂದೆ ಶಿವಕುಮಾರ ಸ್ವಾಮಿಗಳೆಂದು ಪ್ರಸಿದ್ಧರಾದವರು. ಬಿ.ಎ. ಪದವಿಯನ್ನು ಪಡೆಯದ ಆ ಪುರುಷರು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಎಷ್ಟು ಸಾವಿರ ಪದವೀಧರರಿಗೆ ಅನ್ನ ಹಾಕಿದರೆಂಬುದನ್ನು ಲೆಕ್ಕ ಹಾಕುವುದೇ ಕಷ್ಟ. ಸಿದ್ಧಗಂಗೆಯ ವಿಶೇಷವು ಸಂಖ್ಯೆಯಲ್ಲಿಲ್ಲ. ಜಾತಿಮತಗಳನ್ನು ಕೇಳದೆ ಎಲ್ಲರ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದುದರಲ್ಲಿ ಇದೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಈಗ ಓದಿನ ಫಲದ ವಿಚಾರ. ಒಂದೆಡೆ ಕೂಡಿ ಬಾಳುವ ವಿದ್ಯಾರ್ಥಿಗಳು ಬಿಡಿಯಾಗಿರುವವರಿಗಿಂತ ಚೆನ್ನಾಗಿ ಓದುತ್ತಾರೆಯೆ? ಅಮೆರಿಕಾ ದೇಶದಲ್ಲಿ ಈ ಪ್ರಶ್ನೆಯನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಅಲ್ಲಿನ ಕಾಲೇಜುಗಳಲ್ಲಿ ಫ್ರೆಟರ್ನಿಟಿ, ಸೊರಾರಿಟಿ ಎಂಬ ಸಂಘಗಳಿವೆ. ನಮ್ಮ ಮಾತಿನಲ್ಲಿ ಭ್ರಾತೃಸಂಘ, ಭಗಿನೀಸಂಘ ಎನ್ನಬಹುದು. ಗ್ರೀಕ್ ಅಕ್ಷರಗಳೇ ಅವುಗಳ ಹೆಸರು. ಮೊದಲನೆಯದಾದ ಫೈ ಬೀಟಾ ಕಪ್ಪಾ 1776ರ ಡಿಸೆಂಬರ್ 5ರಂದು ವರ್ಜೀನಿಯಾ ಪ್ರಾಂತದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಕಾಲಕ್ರಮದಲ್ಲಿ ಅದು ಗೆಳೆಯರ ಕೂಟವಾಗಿ ಉಳಿಯದೆ, ಓದಿನಲ್ಲಿ ಮೇಲಾದವರನ್ನು ಮಾತ್ರ ಸೇರಿಸಿಕೊಳ್ಳುವ ಗೌರವಸಂಘವಾಯಿತು. 1875ರಲ್ಲಿ ಸ್ತ್ರೀಯರನ್ನೂ ಸೇರಿಸಿಕೊಂಡಿತು. ಉಳಿದ ಸಂಘಗಳು ಮನೆ ಮಾಡಿಕೊಂಡು, ಒಂದೇ ಊಟದ ಮೇಜನ್ನು ಹಂಚಿಕೊಂಡು, ಹಾಡು ಹಬ್ಬಗಳಿಂದ ಕಾಲ ಕಳೆಯುವ ಕೂಟಗಳಾಗಿಯೇ ಬೆಳೆದುವು. ಅವುಗಳಲ್ಲಿ ಶ್ರೀಮಂತರ ಮಕ್ಕಳ ಪೋಕರಿತನಕ್ಕೆ ಹೆಸರಾದುವೂ ಉಂಟು.

ನಮಗೆ ಹೆಚ್ಚು ಹತ್ತಿರವಾಗಿ ಕಾಣುವುದು ಬೇರೊಂದು ಸಂಘ. ನಮ್ಮಲ್ಲಿ ಒಕ್ಕಲಿಗರ ಸಂಘ ಹುಟ್ಟಿದ 1906ನೆಯ ವರ್ಷದಲ್ಲೇ, ಡಿಸೆಂಬರ್ ತಿಂಗಳಲ್ಲಿ, ಕಾರ್ನೆಲ್ ವಿಶ್ವವಿದ್ಯಾನಿಲಯದ ಏಳು ಮಂದಿ ನೀಗ್ರೋ ವಿದ್ಯಾರ್ಥಿಗಳು—ಇಂದು ಕರಿಯ ಅಮೆರಿಕನ್ನರೆನ್ನುವುದೇ ಉಚಿತ—ಆಲ್ಫಾ ಫೈ ಆಲ್ಫಾ ಎಂಬ ಸಂಘವನ್ನು ಕಟ್ಟಿದರು. ಅದು ಮೊದಲಿಗೆ ಒಂದು ವ್ಯಾಸಂಗಗೋಷ್ಠಿ. ಬಿಳಿಯರ ಕಾಲೇಜಿನಲ್ಲಿ ಒಂಟಿಯಾಗಿ ಓದಲಾರದೆ ನಡುವೆಯೇ ಬಿಟ್ಟುಹೋಗುವ ತಮ್ಮವರನ್ನು ನಿಲ್ಲಿಸಿಕೊಳ್ಳುವುದೇ ಅದರ ಕೆಲಸ. ಇಥಾಕಾ ಪಟ್ಟಣಕ್ಕೂ ಬೆಂಗಳೂರಿಗೂ ಏನೂ ಸಂಬಂಧವಿರಲಿಲ್ಲ. ಆದರೆ ಹೊಸದಾಗಿ ವಿದ್ಯೆಗೆ ಬಂದ ಜನ ಎರಡು ಕಡೆಯಲ್ಲಿಯೂ ಒಂದೇ ಉಪಾಯವನ್ನು ಹಿಡಿದರು.

ಆ ದೇಶದ ಅನೇಕ ಕಾಲೇಜುಗಳಲ್ಲಿ ಪ್ರತಿ ಅವಧಿಯ ಕೊನೆಗೂ ಇಂಥ ಸಂಘದವರ ಸರಾಸರಿ ಅಂಕ ಇಷ್ಟು, ಉಳಿದವರದು ಇಷ್ಟು ಎಂದು ಪಟ್ಟಿಯನ್ನು ಪ್ರಕಟಿಸುವ ಪದ್ಧತಿಯಿದೆ. ಸಂಘದವರ ಸರಾಸರಿ ಮೇಲಾದರೆ ಅವರು ಡಂಗುರ ಹೊಡೆಯುತ್ತಾರೆ. ನಮ್ಮ ನಿಲಯಗಳ ವಾರ್ಷಿಕ ವರದಿಗಳಲ್ಲಿಯೂ ಇದೇ ಬಗೆಯ ಹೆಮ್ಮೆಯ ಮಾತು ಕಾಣುವುದುಂಟು. ಆದರೆ ವಿವೇಕಿಗಳು ಇಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. ಮೊದಲೇ ಒಳ್ಳೆಯ ಅಂಕ ಪಡೆದವನಿಗೆ ಮಾತ್ರ ನಿಲಯದಲ್ಲಿ ಸ್ಥಳ ಕೊಟ್ಟರೆ, ಮುಂದೆ ನಿಲಯದವರು ಒಳ್ಳೆಯ ಅಂಕ ಪಡೆದರೆಂಬುದರಲ್ಲಿ ಆಶ್ಚರ್ಯವೇನು? ಒಂದು ಪರೀಕ್ಷೆಯಲ್ಲಿ ತಪ್ಪಿದವನನ್ನು ಹೊರಗೆ ಹಾಕುವ ನಿಯಮವಿದ್ದರಂತೂ ಕೊನೆಗೆ ಉಳಿಯುವವರೆಲ್ಲರೂ ತೇರ್ಗಡೆಯಾದವರೇ! ಬತ್ತವನ್ನು ತೂರಿ ಜೊಳ್ಳನ್ನು ಹಾರಿಸಿದ ಮೇಲೆ, ನಮ್ಮ ಕಣದಲ್ಲಿ ಜೊಳ್ಳು ಬೆಳೆಯುವುದೇ ಇಲ್ಲವೆಂದು ಹೇಳಿದಂತಾಯಿತು. ನಿಲಯದ ನಿಜವಾದ ಗುಣವನ್ನು ಅಳೆಯಬೇಕಾದರೆ, ಒಳಗೆ ಬಂದಾಗ ಹುಡುಗ ಎಲ್ಲಿದ್ದ, ಹೊರಗೆ ಹೋಗುವಾಗ ಎಲ್ಲಿಗೆ ತಲುಪಿದ್ದ, ನಡುವೆ ಬಿಟ್ಟುಹೋದವರೆಷ್ಟು ಎಂಬ ಮೂರನ್ನೂ ನೋಡಬೇಕು. ಮೂರನೆಯದನ್ನು ಹೇಳುವ ವರದಿ ನಮ್ಮ ಕೈಗೆ ಬಂದುದು ಅಪರೂಪ.

ಹಾಗೆಂದು ಸಹವಾಸದಿಂದ ಫಲವೇ ಇಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಇಪ್ಪತ್ತು ವರ್ಷಗಳಿಗೆ ಹತ್ತಿರವಾಗಿ ಪಾಠ ಹೇಳುತ್ತಿರುವ ನಾವು ಕಂಡುದನ್ನು ಹೇಳುತ್ತೇವೆ. ಹಳ್ಳಿಯಿಂದ ಬಂದ ಹುಡುಗನಿಗೆ ಮೊದಲ ವರ್ಷದಲ್ಲಿ ಕಷ್ಟವಾಗುವುದು ವಿಷಯವಲ್ಲ, ಭಾಷೆ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ ತರ್ಕಶಾಸ್ತ್ರವಾಗಲಿ ಅರ್ಥಶಾಸ್ತ್ರವಾಗಲಿ ಅವನ ತಲೆಗೆ ಇಳಿಯುವುದು ಅಂದಿನ ರಾತ್ರಿ, ನಿಲಯದ ಜಗಲಿಯಲ್ಲಿ, ಎರಡು ವರ್ಷ ಹಿರಿಯನಾದ ಮತ್ತೊಬ್ಬ ಹುಡುಗ ಅದನ್ನು ತಮ್ಮೂರಿನ ಕನ್ನಡದಲ್ಲಿ ಬಿಡಿಸಿ ಹೇಳಿದಾಗ. ಆ ಹಿರಿಯನಿಗೂ ಲಾಭವೇ. ಹೇಳಿಕೊಡುವವನು ಎರಡು ಸಲ ಕಲಿಯುತ್ತಾನೆ. ಹಿಂದಿನವರ ಟಿಪ್ಪಣಿ, ಹಿಂದಿನವರ ಪುಸ್ತಕ, ಯಾವ ಅರ್ಜಿಗೆ ಯಾವ ತಾರೀಖು ಕಡೆಯದು, ಯಾವ ಗುಮಾಸ್ತರನ್ನು ಕಂಡರೆ ಕಾಗದ ಚಲಿಸುತ್ತದೆ—ಈ ಲೋಕಜ್ಞಾನವೆಲ್ಲ ಪಟ್ಟಣದ ವಕೀಲರ ಮಗನಿಗೆ ಮನೆಯಲ್ಲಿಯೇ ದೊರೆಯುತ್ತದೆ. ಹಳ್ಳಿಯವನಿಗೆ ನಿಲಯದಲ್ಲಿ ದೊರೆಯುತ್ತದೆ. ಬಾಡಿಗೆ ಕೊಠಡಿಯಲ್ಲಿ ಒಂಟಿಯಾಗಿ ಹಿಟ್ಟು ಬೇಯಿಸಿಕೊಂಡು ಓದುವವನಿಗೆ ಹೊತ್ತೂ ಇಲ್ಲ, ಹೇಳುವವರೂ ಇಲ್ಲ.

ಇರುವ ತಾಣವು ಮನಸ್ಸನ್ನು ಎಷ್ಟು ಬೆಳೆಸಬಲ್ಲದೆಂಬುದಕ್ಕೆ ಮೈಸೂರಿನಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಕುವೆಂಪು ಅವರು ವಿದ್ಯಾರ್ಥಿದೆಸೆಯಲ್ಲಿ ಶ್ರೀರಾಮಕೃಷ್ಣ ಆಶ್ರಮದಲ್ಲಿ ನೆಲೆಸಿದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ 1927ರಲ್ಲಿ ಪ್ರಾರಂಭವಾದಾಗ ಅದರ ಮೊದಲ ತಂಡಕ್ಕೆ ಸೇರಿ 1929ರಲ್ಲಿ ತೇರ್ಗಡೆಯಾದರು, ಡಿ.ಎಲ್. ನರಸಿಂಹಾಚಾರ್ಯರು ಅವರ ಸಹಪಾಠಿಗಳು. ಊಟವಸತಿಗಳ ಚಿಂತೆಯಿಲ್ಲದೆ, ಪದವಿಯಾದ ಮೇಲೆಯೂ ಒಂದೇ ಕಡೆ ನೆಮ್ಮದಿಯಾಗಿ ಕುಳಿತು ಓದುವ ಅವಕಾಶವು ಎಂಥದೆಂಬುದನ್ನು ಅವರ ಮುಂದಿನ ಕೃತಿಗಳು ಹೇಳುತ್ತವೆ.

‘ಪದವಿಯಾದ ಮೇಲೆಯೂ’ ಎಂದೆವು. ಇಲ್ಲಿಯೇ ನಮ್ಮ ನಿಲಯಗಳು ಎಡವುವುದು. ಬಹುತೇಕ ನಿಲಯಗಳ ನಿಯಮಾವಳಿಯು ಹುಡುಗನನ್ನು ಬಿ.ಎ.ವರೆಗೆ ಕೈಹಿಡಿದು ನಡೆಸಿ, ಪರೀಕ್ಷೆಯ ಮಾರನೆಯ ವಾರ ಹಾಸಿಗೆ ಪೆಟ್ಟಿಗೆಗಳೊಡನೆ ಬೀದಿಗೆ ಬಿಡುತ್ತದೆ. ಇದಕ್ಕೆ ಚಾರಿತ್ರಿಕ ಕಾರಣವುಂಟು. ಜಸ್ಟಿಸ್ ಮಿಲ್ಲರ್ ಅವರ ಸಮಿತಿಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ನೇಮಿಸಿದುದು 1918ರಲ್ಲಿ. ಏಳು ವರ್ಷಗಳೊಳಗೆ ಮೇಲಣ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಣ ಹುದ್ದೆಗಳಲ್ಲಿ ಮೂರರಲ್ಲಿ ಎರಡರಷ್ಟೂ ಹಿಂದುಳಿದ ಕೋಮುಗಳಿಗೆ ದೊರೆಯಬೇಕೆಂದು ಅದು ಸಲಹೆ ಕೊಟ್ಟಿತು. ಸಲಹೆ ನ್ಯಾಯವಾದುದೇ. ಆದರೆ ಹುದ್ದೆಗೆ ಸಾಕಾಗುತ್ತಿದ್ದುದು ಬಿ.ಎ. ಪದವಿ. ಆದುದರಿಂದ ಸಂಘಗಳ ಕಣ್ಣೂ ಅಲ್ಲಿಗೇ ನೆಟ್ಟಿತು. ನಮ್ಮವರು ಎಷ್ಟು ಮಂದಿ ಅಮಲ್ದಾರರಾದರು ಎಂದು ಎಣಿಸಿದರೇ ಹೊರತು, ಎಷ್ಟು ಮಂದಿ ಒಂದು ಶಾಸ್ತ್ರದಲ್ಲಿ ಪಾರಂಗತರಾದರು ಎಂದು ಎಣಿಸಲಿಲ್ಲ. ಅಮಲ್ದಾರಿ ಹೋಗಿ ಕಾಲವಾದರೂ ಈ ಎಣಿಕೆಯ ರೀತಿ ಹೋಗಿಲ್ಲ.

ಹೆಸರು ಬೇಡ, ಕಲ್ಯದ ಆಸುಪಾಸಿನ ಒಂದು ಹಳ್ಳಿಯಿಂದ ಬಂದ ಹುಡುಗನೊಬ್ಬ ನಮ್ಮಲ್ಲಿ ಓದಿದನು. ಒಂದು ನಿಲಯದಲ್ಲಿ ಉಚಿತವಾಗಿ ಉಂಡು, ನಮ್ಮ ತರಗತಿಗೇ ಮೊದಲಿಗನಾಗಿ ಬಿ.ಎ. ಮುಗಿಸಿದನು. ಅವನು ಮುಂದೆ ಓದಲೇಬೇಕೆಂದು ನಮಗೆ ತೋರಿತು. ಅವನ ತಂದೆ ಒಮ್ಮೆ ಬೆಂಗಳೂರಿಗೆ ಬಂದಾಗ ಮಾತನಾಡಿದೆವು. ರಾಗಿ ಬೆಳೆಯುವ ಎರಡೆಕರೆ ಹೊಲದ ಒಡೆಯ. ಆತ ತಾಳ್ಮೆಯಿಂದ ಎಲ್ಲವನ್ನೂ ಕೇಳಿ ಹೇಳಿದ್ದಿಷ್ಟು: “ತಾವು ಹೇಳೋದು ಸರಿ ಸ್ವಾಮಿ. ಇನ್ನೆರಡು ವರ್ಷ ಓದ್ಲಿ ಅಂದ್ರೆ ನಾನು ಬ್ಯಾಡ ಅನ್ನಾಕಿಲ್ಲ. ಆದ್ರೆ ಆ ಎರಡು ವರ್ಷ ಸಾಲದ ಬಡ್ಡಿ ನಿಲ್ಲಾಕಿಲ್ವಲ್ಲ, ಅದುಕ್ಕೇನ್ ಮಾಡ್ಲಿ?” ನಮ್ಮ ಬಳಿ ಉತ್ತರವಿರಲಿಲ್ಲ. ಹುಡುಗ ಒಂದು ಕಛೇರಿಗೆ ಸೇರಿದನು. ಸುಖವಾಗಿದ್ದಾನೆ, ತಂದೆಯ ಸಾಲ ತೀರಿದೆ. ಅವನು ತಪ್ಪು ಮಾಡಿದನೆಂದು ಹೇಳುವ ಧೈರ್ಯ ನಮಗಿಲ್ಲ.

ಆ ರೈತನ ಪ್ರಶ್ನೆಯಲ್ಲಿ ವಿದ್ಯಾರ್ಥಿವೇತನದ ಶಾಸ್ತ್ರವೆಲ್ಲ ಅಡಗಿದೆ. ನಮ್ಮ ಸಂಘಸಂಸ್ಥೆಗಳು ವೇತನವನ್ನು ಗೊತ್ತುಮಾಡುವಾಗ ಕಾಲೇಜಿನ ಶುಲ್ಕವೆಷ್ಟು, ಪುಸ್ತಕಕ್ಕೆಷ್ಟು ಎಂದು ಲೆಕ್ಕ ಹಾಕುತ್ತವೆ. ಬಡವನಿಗೆ ಉನ್ನತ ವ್ಯಾಸಂಗದಲ್ಲಿ ತಗಲುವ ದೊಡ್ಡ ವೆಚ್ಚ ಶುಲ್ಕವಲ್ಲ. ಆ ಎರಡು ವರ್ಷ ಅವನು ದುಡಿದು ಮನೆಗೆ ಕಳುಹಿಸಬಹುದಾಗಿದ್ದ ಸಂಬಳ. ಅದನ್ನು ಗಣಿಸದ ವೇತನವು, ಹೇಗೂ ಓದಬಲ್ಲವನಿಗೆ ಉಡುಗೊರೆಯಾಗುತ್ತದೆಯೇ ವಿನಾ ಓದಲಾರದವನಿಗೆ ಊರುಗೋಲಾಗುವುದಿಲ್ಲ. ವಾರ್ಷಿಕೋತ್ಸವದ ದಿನ ನೂರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನಿಗೂ ಒಂದು ಸಣ್ಣ ಲಕೋಟೆ, ಒಂದು ಹಾರ, ಒಂದು ಭಾವಚಿತ್ರ! ದಾನಿಗಳಿಗೆ ತೃಪ್ತಿ, ಪತ್ರಿಕೆಗೆ ಸುದ್ದಿ. ಆ ನೂರರ ಹಣವನ್ನು ಇಬ್ಬರಿಗೆ ಎರಡು ವರ್ಷ ಕೊಟ್ಟಿದ್ದರೆ ಇಬ್ಬರು ವಿದ್ವಾಂಸರಾದರೂ ಹುಟ್ಟುತ್ತಿದ್ದರು. ಉಳಿದ ತೊಂಬತ್ತೆಂಟು ಮನೆಯವರು ಕಾರ್ಯದರ್ಶಿಗಳನ್ನು ಬೈಯುತ್ತಿದ್ದರು ಎಂಬುದೂ ನಿಜ. ಕಾರ್ಯದರ್ಶಿಗಳ ಕಷ್ಟ ನಮಗೆ ತಿಳಿಯದ್ದಲ್ಲ.

ಸರ್ಕಾರವು ಏನೂ ಮಾಡಿಲ್ಲವೆನ್ನಲಾಗದು. ನಿಲಯಗಳಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಕರ್ನಾಟಕ ಸರ್ಕಾರ ವಿದ್ಯಾಸಿರಿ ಎಂಬ ಯೋಜನೆಯನ್ನು ತಂದಿತು. ಊಟವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಎಂದು ಅದರಲ್ಲಿ ಮೊದಲು ಗೊತ್ತಾಯಿತು. ಇನ್ನೊಂದು ತುದಿಯಲ್ಲಿ, ಸಂಶೋಧನೆ ಮಾಡುವ ಅರ್ಹತೆ ಪಡೆದವನಿಗೆ ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗದ ಫೆಲೋಷಿಪ್ಪು 2023ರಿಂದ ತಿಂಗಳಿಗೆ 37,000 ರೂಪಾಯಿಗಳಿಗೆ ಏರಿತು. ಈ ಮೊತ್ತವನ್ನು ಕಂಡರೆ ಮಾಗಡಿಯ ರೈತನೂ ತಲೆದೂಗುತ್ತಾನೆ. ಆದರೆ ಸಾಮಾನ್ಯವಾಗಿ ಅದನ್ನು ಮುಟ್ಟಬೇಕಾದರೆ ಎಂ.ಎ. ಆಗಿರಬೇಕು. ಆ ದಡ ಕಾಣುತ್ತಿದೆ, ಈ ದಡದಲ್ಲಿ ಅನ್ನವಿದೆ, ನಡುವೆ ಎರಡು ವರ್ಷಗಳ ಹೊಳೆ. ಸಮುದಾಯದ ಸಂಘಗಳು ದೋಣಿ ಹಾಕಬೇಕಾದುದು ಈ ಹೊಳೆಗೆ.

ದಾನವೇ ಆಗಬೇಕೆ, ಸಾಲವಾದರೂ ಆಗಬಹುದೆ? ಜಮ್‌ಷೇಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಯು ಹೊರನಾಡಿಗೆ ಹೋಗುವ ವಿದ್ಯಾರ್ಥಿಗಳಿಗೆ ಕೊಡುತ್ತ ಬಂದಿರುವುದು ಸಾಲರೂಪದ ವೇತನ. ಸಂಪಾದನೆ ಪ್ರಾರಂಭವಾದ ಮೇಲೆ ಹಿಂದಿರುಗಿಸಬೇಕು. ಹಿಂದೆ ಬಂದ ಹಣ ಮತ್ತೊಬ್ಬನಿಗೆ ಹೋಗುತ್ತದೆ. ಮೈಸೂರು ಸಂಸ್ಥಾನದಲ್ಲಿ ದಾಮೋದರದಾಸರ ಧರ್ಮದಿಂದ ದೊರೆಯುತ್ತಿದ್ದ ವಿದ್ಯಾರ್ಥಿವೇತನ ನಮ್ಮ ಪದವೀಧರರನ್ನು ವಿದೇಶಗಳಿಗೆ ಕಳುಹಿಸಿತು. ನಮ್ಮ ಅಭಿಪ್ರಾಯವೇನೆಂದರೆ, ಶಿಲ್ಪಶಾಸ್ತ್ರ ವೈದ್ಯಶಾಸ್ತ್ರಗಳನ್ನು ಓದುವವನಿಗೆ ಸಾಲ ಕೊಡಬಹುದು, ಅವನು ತೀರಿಸಬಲ್ಲನು. ಹಳಗನ್ನಡವನ್ನೋ ಶಾಸನಗಳನ್ನೋ ಶುದ್ಧಗಣಿತವನ್ನೋ ಓದಹೊರಟವನಿಗೆ ಸಾಲ ಕೊಡುವುದು ಅವನ ಕೊರಳಿಗೆ ಕಲ್ಲು ಕಟ್ಟಿದಂತೆ. ಅವನಿಗೆ ದಾನವೇ ಆಗಬೇಕು.

ಇನ್ನು ಬಾಗಿಲಿನ ಪ್ರಶ್ನೆ. ತಮ್ಮವರಿಗೆಂದು ತೆರೆದ ನಿಲಯಗಳು ತಮ್ಮವರಿಗೆ ಮಾತ್ರ ಉಳಿಯಬೇಕೆ? ಅಡಿಗೆಮನೆ ಇಲ್ಲದವನಿಗೆ ಅಡಿಗೆಮನೆ ಮಾಡಿಕೊಟ್ಟಾಗ ಅದು ನ್ಯಾಯವಾಗಿತ್ತು. ಈಗ ಅನೇಕ ಸಂಘಗಳು ಬಲಿಷ್ಠವಾಗಿವೆ. ಅವುಗಳ ಕಟ್ಟಡಗಳು ಬೀದಿಯ ಮೂಲೆಯಿಂದ ಮೂಲೆಗೆ ಚಾಚಿವೆ. ಉನ್ನತ ವ್ಯಾಸಂಗದ ಮಟ್ಟದಲ್ಲಂತೂ ಸ್ವಜನರ ನಡುವೆಯೇ ಸುತ್ತುವುದರಿಂದ ವಿದ್ಯಾರ್ಥಿಗೇ ನಷ್ಟ. ಬಿ.ಎ. ಹುಡುಗನಿಗೆ ತನ್ನೂರಿನ ಮಾತನ್ನಾಡುವ ಅಣ್ಣನೊಬ್ಬ ಬೇಕು, ಎಂ.ಎ. ಹುಡುಗನಿಗೆ ತನ್ನ ಮಾತನ್ನು ಅಲ್ಲವೆನ್ನುವ ಪ್ರತಿವಾದಿ ಬೇಕು. ಅಂಥವನು ಒಂದೇ ಮನೆತನದ ಪಂಕ್ತಿಯಲ್ಲಿ ದೊರೆಯುವುದು ಕಷ್ಟ. ಸಿದ್ಧಗಂಗೆಯಂಥ ಮಠವೇ ಎಲ್ಲರಿಗೂ ಬಾಗಿಲು ತೆರೆದಿರುವಾಗ ಲೌಕಿಕ ಸಂಘಗಳಿಗೆ ಸಂಕೋಚವೇಕೆ? ಬೆಳ್ಗೊಳದ ಜೈನರು ತಮ್ಮ ಹಣದ ಪೆಟ್ಟಿಗೆಯ ಬೀಗದ ಕೈಯನ್ನೇ ಎದುರುಪಕ್ಷದ ತಾತಯ್ಯನಿಗೆ ಒಪ್ಪಿಸಿದರಲ್ಲವೆ! ವೇತನಕ್ಕೆ ಅರ್ಹರನ್ನು ಆರಿಸುವ ಸಮಿತಿಯಲ್ಲಿ ಬೇರೆ ಸಮುದಾಯದ ಇಬ್ಬರು ಅಧ್ಯಾಪಕರನ್ನು ಕೂರಿಸಿದರೆ, ಅಧ್ಯಕ್ಷರ ಅಳಿಯನ ತಮ್ಮನ ಅರ್ಜಿ ತಾನಾಗಿಯೇ ಕೆಳಕ್ಕೆ ಇಳಿಯುತ್ತದೆ.

ಇಷ್ಟು ಹೊತ್ತೂ ‘ಹುಡುಗ, ಹುಡುಗ’ ಎಂದೆವು. ಅಮೆರಿಕಾದಲ್ಲಿ ಸೊರಾರಿಟಿಗಳು ಹುಟ್ಟಿ ಒಂದೂವರೆ ಶತಮಾನವಾಯಿತು. ಕಪ್ಪಾ ಆಲ್ಫಾ ಥೀಟಾ ಪ್ರಾರಂಭವಾದುದು 1870ರಲ್ಲಿ. ನಮ್ಮಲ್ಲಿ ಹುಡುಗಿಯರ ನಿಲಯಗಳು ಬಹಳ ತಡವಾಗಿ ಬಂದುವು. ಹಿಂದಿನವರು ವಾರಾನ್ನವನ್ನಾದರೂ ಹುಡುಗನಿಗೆ ಕೊಟ್ಟರು. ಹಳ್ಳಿಯ ಹುಡುಗಿಗೆ ಅದನ್ನೂ ಕೊಡಲಿಲ್ಲ. ಪಟ್ಟಣದಲ್ಲಿ ಹತ್ತಿರದ ನೆಂಟರಿದ್ದವಳು ಓದಿದಳು, ಇಲ್ಲದವಳು ಓದಲಿಲ್ಲ.

ಅವಕಾಶ ದೊರೆತವಳು ಏನು ಮಾಡಬಲ್ಲಳೆಂಬುದನ್ನು ರಾಜೇಶ್ವರಿ ಚಟರ್ಜಿಯವರ ಜೀವನದಿಂದ ತಿಳಿಯಬಹುದು. ಅವರು 1922ರಲ್ಲಿ ನಂಜನಗೂಡಿನ ಕಡೆಯ ಕನ್ನಡ ಮನೆತನದಲ್ಲಿ ಜನಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಸ್ತ್ರೀ ಪದವೀಧರರಲ್ಲಿ ಒಬ್ಬರು. ಸ್ತ್ರೀಯರ ವಿದ್ಯಾಭ್ಯಾಸಕ್ಕಾಗಿ ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಮೂಲಕ ದುಡಿದವರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್‌ಸಿ. ಮಾಡಿ, ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಕೆಲಸಮಾಡುತ್ತ, ಸರ್ಕಾರದ ವಿದ್ಯಾರ್ಥಿವೇತನದಿಂದ 1947ರಲ್ಲಿ ಅಮೆರಿಕಾದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಎಂ.ಎಸ್. ಆದ ಮೇಲೆ ಮುಂದಿನ ವ್ಯಾಸಂಗಕ್ಕೆ ಒದಗಿದುದು ಬಾರ್ಬರ್ ವಿದ್ಯಾರ್ಥಿವೇತನ. ವಿದ್ಯುಚ್ಛಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದು 1953ರಲ್ಲಿ ಹಿಂದಿರುಗಿ, ವಿಜ್ಞಾನಮಂದಿರದಲ್ಲಿಯೇ ಅಧ್ಯಾಪಕರಾದರು; ಮೈಕ್ರೋವೇವ್ ತರಂಗಗಳ ಮೇಲೂ ಆಂಟೆನಾಗಳ ಮೇಲೂ ಸಂಶೋಧನೆ ನಡೆಸಿ ಶಿಷ್ಯರನ್ನು ತಯಾರು ಮಾಡಿದರು. 2010ರಲ್ಲಿ ಕಾಲವಾದರು.

ಈ ಬಾರ್ಬರ್ ವೇತನದ ಹುಟ್ಟು ತಿಳಿಯತಕ್ಕುದು. ಲೀವೈ ಬಾರ್ಬರ್ ಎಂಬ ಮಹನೀಯರು ಪೂರ್ವದೇಶಗಳ ಸ್ತ್ರೀಯರು ಮಿಷಿಗನ್ನಿನಲ್ಲಿ ಉನ್ನತ ವ್ಯಾಸಂಗ ಮಾಡಲೆಂದು 1917ರಲ್ಲಿ ಅದನ್ನು ಸ್ಥಾಪಿಸಿದರು. ತಲಚೇರಿಯ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರೂ ಅದರಿಂದಲೇ ಹೋಗಿ ಓದಿದವರು. ಬಾರ್ಬರರು ಹಣದ ವೇತನವನ್ನು ಕೊಟ್ಟು ಸುಮ್ಮನಾಗಲಿಲ್ಲ. ಅದೇ ವಿಶ್ವವಿದ್ಯಾನಿಲಯದಲ್ಲಿ ತಮ್ಮ ತಾಯಿಯ ಹೆಸರಿನಲ್ಲಿ ವಿದ್ಯಾರ್ಥಿನಿಯರ ನಿಲಯವೊಂದನ್ನೂ ಕಟ್ಟಿಸಿಕೊಟ್ಟರು. ಅದು 1920ರಲ್ಲಿ ತೆರೆಯಿತು. ಹಣ ಒಂದು ಕಡೆ, ವಸತಿ ಇನ್ನೊಂದು ಕಡೆ ಎಂದು ಬೇರ್ಪಡಿಸದೆ ಎರಡನ್ನೂ ಒಬ್ಬನೇ ದಾನಿ ಕೂಡಿ ಯೋಚಿಸಿದುದು ಇದರ ವೈಶಿಷ್ಟ್ಯ. ನಮ್ಮಲ್ಲಿ ವೇತನ ಕೊಡುವ ಸಂಸ್ಥೆಗೆ ಹುಡುಗಿ ಎಲ್ಲಿ ಉಳಿಯುವಳೆಂಬ ಚಿಂತೆಯಿಲ್ಲ; ನಿಲಯ ನಡೆಸುವ ಸಂಸ್ಥೆಗೆ ಅವಳು ಸಂಜೆ ಆರಕ್ಕೆ ಒಳಗಿದ್ದಾಳೆಯೆ ಎಂಬುದನ್ನು ಬಿಟ್ಟು ಬೇರೆ ಚಿಂತೆಯಿಲ್ಲ. ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿದ್ದರೆ ಅವಳಿಗೆ ಅದರ ಪ್ರಯೋಜನವೇನು?

ಕಡೆಯದಾಗಿ ಲೆಕ್ಕದ ಮಾತು. ಮುನ್ನೂರು ಮನೆಗಳಿರುವ ಒಂದು ಗ್ರಾಮವನ್ನು ಊಹಿಸಿಕೊಳ್ಳಿ. ಮನೆಗೆ ತಿಂಗಳಿಗೆ ಹತ್ತು ರೂಪಾಯಿಯಂತೆ ಎತ್ತಿದರೆ ವರ್ಷಕ್ಕೆ 36,000 ರೂಪಾಯಿಯಾಗುತ್ತದೆ. ಅಂಥ ನಾಲ್ಕು ಗ್ರಾಮಗಳು ಸೇರಿದರೆ 1,44,000. ವಿದ್ಯಾರ್ಥಿನಿಲಯವೊಂದು ಕೊಠಡಿಯನ್ನೂ ಊಟವನ್ನೂ ಒದಗಿಸುವುದಾದರೆ, ತಿಂಗಳಿಗೆ 12,000 ರೂಪಾಯಿ ಒಬ್ಬ ವಿದ್ಯಾರ್ಥಿಗೋ ವಿದ್ಯಾರ್ಥಿನಿಗೋ ಕೈಗೆ ಸಿಕ್ಕುತ್ತದೆ. ಅದರಲ್ಲಿ ಬಹುಭಾಗ ಊರಿಗೆ, ಬಡ್ಡಿಯ ಬಾಯಿಗೆ ಹೋಗಬಹುದು. ಹೋಗಲಿ, ಅದಕ್ಕಾಗಿಯೇ ಕೊಡುವುದು. ನಾಲ್ಕು ಗ್ರಾಮಗಳಿಂದ ಎರಡು ವರ್ಷಕ್ಕೊಬ್ಬರಂತೆ ಎಂ.ಎ. ಓದಿ ಹೊರಬಂದಾರು. ಪ್ರತಿ ನಿಲಯವೂ ಹತ್ತರಲ್ಲಿ ಒಂದು ಕೊಠಡಿಯನ್ನು ಪದವೀಧರರಿಗೆಂದು ಮೀಸಲಿಟ್ಟು, ಬೇಸಗೆಯ ರಜದಲ್ಲಿಯೂ ಅದಕ್ಕೆ ಬೀಗ ಹಾಕದಿದ್ದರೆ ಇದು ನಡೆಯತಕ್ಕ ಕೆಲಸವೇ. ಬೆಳ್ಗೊಳದ ಕಲ್ಲಿನಲ್ಲಿ ಹಣ ಎಷ್ಟು, ಆಳು ಎಷ್ಟು, ಮಿಕ್ಕುದು ಯಾವುದಕ್ಕೆ, ನಡೆಸುವವನು ಯಾರು ಎಂದು ನಾಲ್ಕನ್ನೂ ಕಂಡರಿಸಿದ್ದಾರೆ. ನಿಲಯದ ಗೋಡೆಯ ಮೇಲೆ ದಾನಿಗಳ ಹೆಸರಿನ ಅಮೃತಶಿಲೆಯ ಪಕ್ಕದಲ್ಲಿ, ಆ ವರ್ಷ ಯಾರಿಗೆ ಎಷ್ಟು ಕೊಟ್ಟೆವು, ಅವರು ಈಗ ಏನು ಓದುತ್ತಿದ್ದಾರೆ ಎಂಬುದನ್ನೂ ಸೀಮೆಸುಣ್ಣದಲ್ಲಾದರೂ ಬರೆದಿಡಲು ಸ್ಥಳವಿದೆ.